ಚೆಂಡು ಹೊರುವ ಹಂದಿಮರಿ, ಟಿಕೆಟ್ಟಿನ ಮೇಳ

ಬೇಸ್‌ಬಾಲ್ ಪಂದ್ಯಕ್ಕೆ 9 ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲೂ ಎರಡೂ ತಂಡ ಒಂದೊಂದು ಸರದಿ ಬ್ಯಾಟ್ ಹಿಡಿಯುವುದರಿಂದ ಒಟ್ಟು 18 ಸರದಿ, ನಡುವೆ 17 ಬಿಡುವು. ಒಂದೊಂದಕ್ಕೆ ಎರಡೇ ನಿಮಿಷ ಹಿಡಿದರೂ ಅರ್ಧ ಗಂಟೆ ದಾಟುತ್ತದೆ. ಆ ಅರ್ಧ ಗಂಟೆಯಲ್ಲಿ ಕೂತ ಜನರಿಗೆ ಏನು ತೋರಿಸಬೇಕು ಎಂದು ತಲೆ ಓಡಿಸಿಯೇ ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್ ಸೇಂಟ್ಸ್ ತಂಡ 1993ರಿಂದ 2020ರವರೆಗೆ ಯಾರ ಹಂಗೂ ಇಲ್ಲದೆ ಬದುಕಿತು.

ಅವರ ಈಗಿನ ಮೈದಾನ ಸಿಎಚ್‌ಎಸ್ ಫೀಲ್ಡ್ ಇರುವುದು ಸೇಂಟ್ ಪಾಲ್ ನಗರದ ಲೋವರ್‌ಟೌನ್‌ನಲ್ಲಿ. ಗ್ರೀನ್ ಲೈನ್ ರೈಲಿನ ಕೊನೆಯ ನಿಲ್ದಾಣ ಯೂನಿಯನ್ ಡಿಪೊದಲ್ಲಿ ಇಳಿದರೆ ನಡೆದೇ ಹೋಗಬಹುದು. ಸಂಜೆಯ ಪಂದ್ಯಕ್ಕೆ ಹೋಗುವವರು ಗೇಟು ತೆಗೆಯುವ ಹೊತ್ತಿಗೇ ಹೋಗಿ. ಸೀಟು ತೋರಿಸುವವರೇ ಇಲ್ಲಿ ವೇಷ ಕಟ್ಟಿಕೊಂಡು ನಗಿಸುತ್ತಾರೆ, ಅವರ ಆಟ ಪಂದ್ಯಕ್ಕೆ ಕಾಯುವುದಿಲ್ಲ. ನಾನು ಹೋದ ದಿನ ಅಂಪೈರ್ ಸೊಂಟದ ಚೀಲದಲ್ಲಿ ಚೆಂಡು ಕಡಿಮೆಯಾದಾಗ ಹಂದಿಮರಿ ಬಂತು. ಬೆನ್ನಿನ ಎರಡೂ ಕಡೆ ಜೋಳಿಗೆ, ಜೋಳಿಗೆಯಲ್ಲಿ ಹೊಸ ಚೆಂಡು. ಜೊತೆಗಿದ್ದವರು ತಿಂಡಿ ತೋರಿಸುತ್ತ ಮುಂದೆ ನಡೆದರೆ ಅದು ಹಿಂದೆ ಬರುತ್ತದೆ. ಹುಲ್ಲು ಸಿಕ್ಕಿತೋ, ನಿಂತು ಮೂತಿ ತೂರಿಸುತ್ತದೆ. ಅಂಪೈರ್ ಕಾಯುತ್ತಾರೆ, ಜನ ಕೂಗುತ್ತಾರೆ.

ಈ ಪದ್ಧತಿ ಮೊದಲಿನಿಂದಲೂ ಇದೆ. ಪ್ರತಿ ವರ್ಷ ಹೊಸ ಮರಿ ತರಲೇಬೇಕು, ಏಕೆಂದರೆ ಸೀಸನ್ ಶುರುವಾಗುವಾಗ ಕಂಕುಳಲ್ಲಿ ಎತ್ತಿಕೊಳ್ಳುವಷ್ಟಿದ್ದದ್ದು ಸೀಸನ್ ಮುಗಿಯುವಾಗ ಇಬ್ಬರಿಗೂ ಜಗ್ಗದಷ್ಟು ಬೆಳೆದಿರುತ್ತದೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಜುಲೈ ಬಿಸಿಲಿನಲ್ಲಿ ನೆರಳು, ನೀರು ಎರಡನ್ನೂ ಹತ್ತಿರ ಇಟ್ಟುಕೊಳ್ಳಬೇಕು.

ಜೋಳಿಗೆಯ ಚೆಂಡು ಡಬ್ಬಿಯಿಂದ ನೇರವಾಗಿ ಬಂದದ್ದಲ್ಲ. ಹೊಸ ಚೆಂಡಿನ ತೊಗಲಿಗೆ ಹೊಳಪಿರುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಪಂದ್ಯಕ್ಕೆ ಮೊದಲು ಡೆಲವೇರ್ ನದಿಯ ಕವಲಿನಿಂದ ತೆಗೆದ ನುಣುಪು ಕೆಸರನ್ನು ಬೆರಳ ತುದಿಯಷ್ಟು ತೆಗೆದುಕೊಂಡು, ಒಂದೆರಡು ಹನಿ ನೀರು ಸೇರಿಸಿ, ಒಂದೊಂದನ್ನೂ ಅಂಗೈಯಲ್ಲಿ ಉಜ್ಜುತ್ತಾರೆ. ಕೆಸರು ಕಡಿಮೆಯಾದರೆ ಚೆಂಡು ಜಾರಿ ಬ್ಯಾಟರ್‌ನ ಪಕ್ಕೆಗೆ ಬಡಿಯಬಹುದು. ಹೆಚ್ಚಾದರೆ ಚೆಂಡು ಕಪ್ಪಿಟ್ಟು ದೀಪದ ಬೆಳಕಿನಲ್ಲಿ ಕಾಣದು. ಹೀಗೆ ಸಿದ್ಧವಾದ ಚೆಂಡು ಫೌಲ್ ಆಗಿ, ಎಂದರೆ ಆಟದ ಗೆರೆಯಾಚೆ ಸಿಡಿದು, ಜನರ ನಡುವೆ ಬಿದ್ದರೆ ಹಿಡಿದವರ ಪಾಲು. ಚೆಂಡಿನ ದುಡ್ಡನ್ನು ತಾನೇ ಕೊಡುವ ಮಾಲೀಕನಿಗೆ ಅದೂ ಖರ್ಚೇ.

ಸ್ವತಂತ್ರ ತಂಡದ ಇಡೀ ಕಷ್ಟ ಇರುವುದು ಇಲ್ಲೇ. ಮಾಮೂಲಿ ಮೈನರ್ ಲೀಗ್ ತಂಡದಲ್ಲಿ ಆಟಗಾರರ, ಕೋಚ್‌ಗಳ ಸಂಬಳ ಕೊಡುವುದು ಎಲ್ಲಕ್ಕೂ ಮೇಲಿನ ಮೇಜರ್ ಲೀಗ್‌ನ ಮಾತೃ ತಂಡ. ಸ್ವತಂತ್ರ ತಂಡಕ್ಕೆ ಆ ಆಸರೆ ಇಲ್ಲ. ನಮ್ಮ ಕರಾವಳಿಯ ಯಕ್ಷಗಾನ ಬಲ್ಲವರಿಗೆ ಹರಕೆ ಆಟದ ಮೇಳಕ್ಕೂ ಡೇರೆ ಹಾಕಿ ಟಿಕೆಟ್ಟಿನಲ್ಲೇ ನಡೆಯುವ ಮೇಳಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಸಂಬಳ, ಬಸ್ಸು, ಬ್ಯಾಟು, ಹೋಟೆಲು ಎಲ್ಲ ಗೇಟಿನ ಕಲೆಕ್ಷನ್‌ನಿಂದಲೇ ಹುಟ್ಟಬೇಕು. ಸಂಬಳ ಎಷ್ಟು ಸಣ್ಣದೆಂದರೆ, ಎಷ್ಟೋ ಆಟಗಾರರು ಸೀಸನ್ ಪೂರ್ತಿ ಊರಿನವರ ಮನೆಯಲ್ಲೇ ಉಳಿಯುತ್ತಾರೆ.

1993ರಲ್ಲಿ ಮೈಲ್ಸ್ ವುಲ್ಫ್ ಸ್ವತಂತ್ರ ತಂಡಗಳ ನಾರ್ದರ್ನ್ ಲೀಗನ್ನು 6 ತಂಡಗಳೊಂದಿಗೆ ಶುರುಮಾಡಿದಾಗ ಸೇಂಟ್ ಪಾಲ್ ಮೂರ್ಖರ ಆಯ್ಕೆಯಂತೆ ಕಂಡಿರಬೇಕು. ಪಕ್ಕದ ಮಿನ್ನಿಯಾಪೊಲಿಸ್‌ನಲ್ಲೇ ಮೇಜರ್ ಲೀಗ್‌ನ ಟ್ವಿನ್ಸ್ ಇತ್ತು. ಆದರೆ ಟ್ವಿನ್ಸ್ ಆಡುತ್ತಿದ್ದದ್ದು ಮೇಲೆ ಮುಚ್ಚಿದ ಮೆಟ್ರೊಡೋಮ್‌ನಲ್ಲಿ. ಆರು ತಿಂಗಳ ಚಳಿ ಕಳೆದ ಜನರಿಗೆ ಬೇಸಿಗೆಯಲ್ಲೂ ಚಾವಣಿಯ ಕೆಳಗೆ ಕೂರುವ ಶಿಕ್ಷೆ! ಸೇಂಟ್ಸ್ ಹಿಡಿದದ್ದು ನಗರಸಭೆಯ ಹಳೇ ಮಿಡ್‌ವೇ ಸ್ಟೇಡಿಯಂ. ರೈಲು ಹಳಿಯ ಪಕ್ಕದ ಜಾಗ, ಗೂಡ್ಸ್ ಗಾಡಿ ಕೂಗುತ್ತ ಹೋದರೆ ಜನವೂ ಕೂಗುತ್ತಿದ್ದರು. ಸಿಸ್ಟರ್ ರೋಸಲಿಂಡ್ ಎಂಬ ಸನ್ಯಾಸಿನಿ ಪ್ರೇಕ್ಷಕರ ನಡುವೆಯೇ ಕತ್ತು, ಭುಜ ಒತ್ತಿಕೊಡುತ್ತಿದ್ದರು. ನಟ ಬಿಲ್ ಮರ್ರಿ ಪಾಲುದಾರರಾಗಿದ್ದರು.

ಇದರ ಹಿಂದಿನ ತಲೆ ಮೈಕ್ ವೆಕ್. 1979ರ ಜುಲೈ 12ರಂದು ಷಿಕಾಗೋದಲ್ಲಿ ಡಿಸ್ಕೊ ರೆಕಾರ್ಡ್ ತಂದವರಿಗೆ 98 ಸೆಂಟ್‌ಗೆ ಟಿಕೆಟ್ ಕೊಟ್ಟು, ಆ ರೆಕಾರ್ಡ್‌ಗಳನ್ನು ಮೈದಾನದಲ್ಲಿ ಸ್ಫೋಟಿಸುವ ಕಾರ್ಯಕ್ರಮ ಹಾಕಿಕೊಂಡವರು ಅವರೇ. ಜನ ಮೈದಾನಕ್ಕೆ ನುಗ್ಗಿದರು, ಹುಲ್ಲು ಕಿತ್ತುಹೋಯಿತು, ಆ ದಿನದ ಎರಡನೇ ಪಂದ್ಯವನ್ನು ಎದುರಾಳಿ ಡೆಟ್ರಾಯಿಟ್‌ಗೆ ಬಿಟ್ಟುಕೊಡಬೇಕಾಯಿತು. ಆಮೇಲೆ ವರ್ಷಗಟ್ಟಲೆ ದೊಡ್ಡ ತಂಡಗಳು ಅವರನ್ನು ಹತ್ತಿರ ಸೇರಿಸಲಿಲ್ಲ. ಹೊರಗಿಟ್ಟವರಿಗೆ ಸೇಂಟ್ ಪಾಲ್‌ನಲ್ಲಿ ಬಾಗಿಲು ತೆರೆದಿತ್ತು. ಆಟಗಾರರ ವಿಷಯದಲ್ಲೂ ಇದೇ ಕತೆ.

ಮಾದಕ ವಸ್ತು, ತೆರಿಗೆ ಮೊಕದ್ದಮೆಗಳಲ್ಲಿ ಸಿಕ್ಕಿ ಕೆಲಸವಿಲ್ಲದೆ ಕೂತಿದ್ದ ಮೇಜರ್ ಲೀಗ್ ತಾರೆ ಡ್ಯಾರಿಲ್ ಸ್ಟ್ರಾಬೆರಿ 1996ರಲ್ಲಿ ಇಲ್ಲಿಗೆ ಬಂದು 29 ಪಂದ್ಯಗಳಲ್ಲಿ 18 ಹೋಮ್ ರನ್ ಹೊಡೆದರು. ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವರನ್ನು ಕರೆಸಿಕೊಂಡಿತು, ಆ ವರ್ಷ ಮೇಜರ್ ಲೀಗ್‌ನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಗೆದ್ದಿತು. 1997ರ ಮೇ 31ರಂದು ಐಲಾ ಬಾರ್ಡರ್ಸ್ ಎಂಬ ಮಹಿಳೆ ಗಂಡಸರ ನಡುವೆ ಸೇಂಟ್ಸ್ ಪರ ಪಿಚ್ ಮಾಡಿದರು, ಎಂದರೆ ಬ್ಯಾಟರ್‌ಗೆ ಚೆಂಡು ಎಸೆದರು. ಎದುರಾಳಿಗಳು ಅವರ ಎಸೆತಗಳನ್ನು ಚೆನ್ನಾಗಿಯೇ ಹೊಡೆದರು, ತಿಂಗಳೊಳಗೆ ಅವರು ಡುಲೂತ್ ತಂಡಕ್ಕೆ ಹೋಗಬೇಕಾಯಿತು. ಮೊದಲ ಗೆಲುವು ಸಿಕ್ಕಿದ್ದು 1998ರ ಜುಲೈನಲ್ಲಿ. 1997ರಲ್ಲೇ ಜೆ.ಡಿ. ಡ್ರೂ, ಫಿಲಡೆಲ್ಫಿಯಾ ತಂಡದ ಜೊತೆ ದುಡ್ಡಿನ ಮಾತು ಕುದುರದೆ, ದೊಡ್ಡ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮುಂದಿನ ವರ್ಷದ ಡ್ರಾಫ್ಟ್‌ವರೆಗೆ ಇಲ್ಲೇ ಆಡಿಕೊಂಡಿದ್ದರು. ತಂಡ ನಡೆಸುವವರಿಗೆ ಇಂಥವರಿಂದ ಗೇಟು ತುಂಬುತ್ತದೆ, ಆದರೆ ನೆಚ್ಚಿಕೊಳ್ಳುವಂತಿಲ್ಲ. ಮೇಜರ್ ಲೀಗ್ ತಂಡವೊಂದು ಫೋನ್ ಮಾಡಿ ಸಣ್ಣ ಮೊತ್ತಕ್ಕೆ ಕರಾರು ಕೊಂಡರೆ ಮರುದಿನವೇ ಆಟಗಾರ ಬ್ಯಾಗು ಕಟ್ಟುತ್ತಾನೆ. ಚೆನ್ನಾಗಿ ಆಡಿದವನೇ ಮೊದಲು ಹೋಗುತ್ತಾನೆ. ಹಾಗಾಗಿ ಮ್ಯಾನೇಜರ್‌ನ ನಿಜವಾದ ಕೆಲಸ ದೊಡ್ಡ ತಂಡಗಳು ಯಾರನ್ನು ಕೈಬಿಟ್ಟಿವೆ ಎಂದು ದಿನವೂ ವಿಚಾರಿಸುತ್ತಿರುವುದು. ಪೋಸ್ಟರಿನಲ್ಲಿ ಆಟಗಾರನ ಮುಖ ಹಾಕಿದರೆ ಅಚ್ಚಾಗುವಷ್ಟರಲ್ಲಿ ಅವನಿರುವುದಿಲ್ಲ. ಹಂದಿಮರಿಯನ್ನು ಮಾತ್ರ ಯಾರೂ ಕೊಂಡೊಯ್ಯುವುದಿಲ್ಲ.

2006ರಲ್ಲಿ ಸೇಂಟ್ಸ್ ಅಮೆರಿಕನ್ ಅಸೋಸಿಯೇಷನ್ ಲೀಗ್‌ಗೆ ಸೇರಿತು, 2015ರಲ್ಲಿ ಮಿಡ್‌ವೇ ಬಿಟ್ಟು ಹೊಸ ಮೈದಾನಕ್ಕೆ ಬಂತು. 2020ರ ಕೊನೆಗೆ ಮೇಜರ್ ಲೀಗ್ ತನ್ನ ಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದಾಗ ತಮಾಷೆಯೊಂದು ನಡೆಯಿತು. ಹತ್ತಾರು ಊರುಗಳು ಆಸರೆ ಕಳೆದುಕೊಂಡವು, ಆಸರೆ ಕೇಳದೆ ಬೆಳೆದ ಸೇಂಟ್ಸ್‌ಗೆ ಟ್ವಿನ್ಸ್‌ನಿಂದ ಟ್ರಿಪಲ್-ಎ ಆಹ್ವಾನ ಬಂತು. ಮೇಜರ್ ಲೀಗ್‌ಗೆ ಅದು ಒಂದೇ ಮೆಟ್ಟಿಲು ಕೆಳಗೆ. ಟ್ವಿನ್ಸ್‌ಗೆ ಲಾಭ ಸ್ಪಷ್ಟ: ಹಿಂದಿನ ಟ್ರಿಪಲ್-ಎ ತಂಡ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿತ್ತು, ಈಗ ಗಾಯಾಳುವಿನ ಬದಲಿಗೆ ಪಿಚರ್ ಬೇಕೆಂದರೆ ಗ್ರೀನ್ ಲೈನ್ ಹತ್ತಿ ಬರಬಹುದು.

ಸೇಂಟ್ ಪಾಲ್ ಕಳೆದುಕೊಂಡದ್ದೂ ಇದೆ. ಯಾರು ಆಡಬೇಕೆನ್ನುವುದು ಈಗ ಆ ಊರಿನ ಕೈಯಲ್ಲಿಲ್ಲ. 2003ರಿಂದ ಮ್ಯಾನೇಜರ್ ಆಗಿದ್ದು 2019ರಲ್ಲಿ ಪ್ರಶಸ್ತಿ ಗೆಲ್ಲಿಸಿಕೊಟ್ಟ ಜಾರ್ಜ್ ಸಾಮಿಸ್ ಜಾಗಕ್ಕೆ ಟ್ವಿನ್ಸ್ ತನ್ನವರನ್ನೇ ನೇಮಿಸಿತು. ಸಾಮಿಸ್ ಇಲಿನಾಯ್‌ನ ಕೇನ್ ಕೌಂಟಿ ಕೂಗರ್ಸ್‌ಗೆ ಹೋದರು. ಅದು ಇದೇ ಕತ್ತರಿಯಲ್ಲಿ ಆಸರೆ ಕಳೆದುಕೊಂಡು ಸ್ವತಂತ್ರವಾದ ತಂಡ. 2024ರಲ್ಲಿ ಅವರ ಕೈಯಲ್ಲಿ ಅದು ಅಮೆರಿಕನ್ ಅಸೋಸಿಯೇಷನ್ ಚಾಂಪಿಯನ್ ಆಯಿತು.