ಬೆಂಚು ಖಾಲಿ ಇದ್ದರೆ ಹುಡುಗರು ನೋವು ಹೇಳುವುದಿಲ್ಲ

ಅಮೆರಿಕದ ಹೈಸ್ಕೂಲು ಫುಟ್‌ಬಾಲ್ ಆಟ. ಹಾಫ್‌ಟೈಮ್ ಆಯಿತು. ಎದುರಿನ ಟೀಮಿನ ಅರವತ್ತು ಚಿಲ್ಲರೆ ಹುಡುಗರು ನೀರು ಕುಡಿದು ಕೂರಲು ಒಳಗೆ ಹೋದರು. ನಮ್ಮ ಕಡೆಯ ಐದು ಹುಡುಗರು ಹೆಲ್ಮೆಟ್ ಕಳಚಿ ಬೆಂಚಿನ ಮೇಲಿಟ್ಟರು. ಭುಜದ ಪ್ಯಾಡ್ ಹಾಗೇ ಇತ್ತು, ಜೆರ್ಸಿ ತುಂಬ ಮಣ್ಣು. ಟ್ರಾಂಬೋನು, ಡ್ರಮ್ಮು ಎತ್ತಿಕೊಂಡು ಮತ್ತೆ ಮೈದಾನಕ್ಕೇ ಓಡಿದರು. ಶಾಲೆಯ ಬ್ಯಾಂಡಿನಲ್ಲೂ ಅವರೇ ಇರಬೇಕು. ಅವರಿಲ್ಲದಿದ್ದರೆ ಬ್ಯಾಂಡೇ ಇಲ್ಲ.

ಟೆಕ್ಸಾಸ್‌ನ ಚಿಕ್ಕ ಊರುಗಳಲ್ಲಿ ಇದು ಮಾಮೂಲಿ ನೋಟ. ನನಗೆ ಮಾತ್ರ ಆ ರಾತ್ರಿಯ ಬ್ಯಾಂಡು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಇಲ್ಲಿ ಅಥ್ಲೆಟಿಕ್ ಟ್ರೇನರ್. ಜಿಮ್‌ನಲ್ಲಿ ವ್ಯಾಯಾಮ ಹೇಳಿಕೊಡುವ ಕೆಲಸ ಅಲ್ಲ ಇದು. ಆಟಗಾರರಿಗೆ ಗಾಯ ಆಗದಂತೆ ನೋಡಿಕೊಳ್ಳುವುದು, ಆದಾಗ ಮೊದಲು ಓಡುವುದು, ಗುಣವಾಗಿ ಮತ್ತೆ ಆಟಕ್ಕೆ ಇಳಿಯುವ ತನಕ ಜೊತೆಗಿರುವುದು ನನ್ನ ಕೆಲಸ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿದೆ. ಇಲ್ಲಿಗೆ ಬಂದು ಮಾಸ್ಟರ್ಸ್ ಮಾಡಿ ಲೈಸೆನ್ಸ್ ತೆಗೆದುಕೊಂಡೆ. ಸಂಬಳ ಕೊಡುವುದು ಒಂದು ಆಸ್ಪತ್ರೆ. ಅವರು ನನ್ನನ್ನು ಸುತ್ತಮುತ್ತಲಿನ ಮೂರು ಚಿಕ್ಕ ಹೈಸ್ಕೂಲುಗಳಿಗೆ ಕಳಿಸುತ್ತಾರೆ. ಶುಕ್ರವಾರ ರಾತ್ರಿ ಆ ಮೂರರಲ್ಲಿ ಒಂದರ ಜೊತೆ ಇರುತ್ತೇನೆ.

ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿನಲ್ಲಿ ಒದೆಯುವ ಆಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡು ಹಿಡಿದು, ಮೈಗೆ ಮೈ ಢಿಕ್ಕಿ ಹೊಡೆದು ಮುನ್ನುಗ್ಗುವ ಆಟ. ಒಂದು ಕಡೆ ಹನ್ನೊಂದು ಜನ. ಬೇಕಾದಾಗ, ಬೇಕಾದಷ್ಟು ಜನರನ್ನು ಬದಲಿಸಬಹುದು. ಚಿಕ್ಕ ಶಾಲೆಗೆ ಪೆಟ್ಟು ಬೀಳುವುದು ಇದೇ ನಿಯಮದಿಂದ. ದೊಡ್ಡ ಶಾಲೆಯಲ್ಲಿ ಚೆಂಡು ತಮ್ಮ ಕೈಯಲ್ಲಿದ್ದಾಗ ಆಡುವವರು ಒಂದು ಗುಂಪು, ಎದುರಾಳಿಯನ್ನು ತಡೆಯುವವರು ಇನ್ನೊಂದು ಗುಂಪು. ಒಂದು ಗುಂಪು ಆಡುವಾಗ ಇನ್ನೊಂದು ಬೆಂಚಿನಲ್ಲಿ ಕೂತು ಉಸಿರಾಡುತ್ತದೆ. ನಮ್ಮ ಶಾಲೆಯಲ್ಲಿ ಎರಡೂ ಕಡೆ ಅವರೇ. ಆಗಾಗ ಚೆಂಡನ್ನು ಒದೆಯುವುದೂ ಉಂಟು, ಆಗ ಓಡುವವರೂ ಅವರೇ.

ಈ ಕಷ್ಟ ಹೊಸದಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 1953ರಲ್ಲಿ ಹೀಗೆ ಬೇಕಾದಂತೆ ಬದಲಿಸುವುದನ್ನು ನಿಲ್ಲಿಸಿದ್ದರು. ಎರಡೆರಡು ಪಡೆ ಸಾಕುವ ಖರ್ಚು ಚಿಕ್ಕ ಕಾಲೇಜುಗಳ ಕೈಲಿ ಆಗುತ್ತಿರಲಿಲ್ಲ. 1960ರ ದಶಕದ ಮಧ್ಯದಲ್ಲಿ ನಿಯಮ ಮತ್ತೆ ಸಡಿಲವಾಯಿತು. ಅಲ್ಲಿಂದ ಈಚೆಗೆ ಯಾರ ಬೆಂಚು ಉದ್ದವೋ ಅವರಿಗೆ ಅನುಕೂಲ.

ಟೆಕ್ಸಾಸ್‌ನಲ್ಲಿ ಸರ್ಕಾರಿ ಶಾಲೆಗಳ ಆಟ ನಡೆಸುವ ಸಂಸ್ಥೆ ಯು.ಐ.ಎಲ್. ಅವರು ಎರಡು ವರ್ಷಕ್ಕೊಮ್ಮೆ ಶಾಲೆಗಳ ಮಕ್ಕಳ ಸಂಖ್ಯೆ ನೋಡಿ 1ಎ ಇಂದ 6ಎ ತನಕ ವರ್ಗ ಮಾಡುತ್ತಾರೆ. 2024ರ ವಿಂಗಡಣೆಯಲ್ಲಿ 6ಎ ಸೇರಲು ಕನಿಷ್ಠ 2,275 ಮಕ್ಕಳು ಬೇಕಿತ್ತು. 105ಕ್ಕಿಂತ ಕಡಿಮೆ ಇದ್ದರೆ 1ಎ. ಇಷ್ಟೆಲ್ಲ ಲೆಕ್ಕ ಇದ್ದೂ ಚಿಕ್ಕವರು ದೊಡ್ಡವರ ಮೇಲೆ ಯಾಕೆ ಆಡುತ್ತಾರೆ? ಒಂದೇ ವರ್ಗದ ಸುತ್ತಮುತ್ತಲಿನ ಶಾಲೆಗಳ ಗುಂಪಿಗೆ ಇಲ್ಲಿ ಜಿಲ್ಲೆ ಅನ್ನುತ್ತಾರೆ. ಸೀಸನ್ನಿನ ಮೊದಲ ವಾರಗಳ ಆಟ ಆ ಜಿಲ್ಲಾ ಪಟ್ಟಿಗೆ ಸೇರುವುದಿಲ್ಲ. ಆ ವಾರಗಳಿಗೆ ಎದುರಾಳಿಯನ್ನು ಕೋಚ್‌ಗಳೇ ಹುಡುಕಿಕೊಳ್ಳಬೇಕು. ಹತ್ತಿರದಲ್ಲಿ ಸಮಾನ ಶಾಲೆ ಸಿಗದಿದ್ದರೆ ಯಾರು ಒಪ್ಪುತ್ತಾರೋ ಅವರ ಮೇಲೆ ಆಡುವುದು. ನಮ್ಮ ಶಾಲೆಯಲ್ಲಿ ನಾಲ್ಕು ತರಗತಿ ಸೇರಿ 150ರ ಆಸುಪಾಸು ಮಕ್ಕಳು. ಆ ರಾತ್ರಿಯ ಎದುರಾಳಿ ಶಾಲೆ ಸುಮಾರು ಮೂರು ಪಟ್ಟು ದೊಡ್ಡದು. ನಮ್ಮ ಕಡೆ ಜೆರ್ಸಿ ಹಾಕಿದ್ದವರು 24. ಅದರಲ್ಲಿ ಒಂಬತ್ತನೇ ಕ್ಲಾಸಿನ ಪುಟ್ಟ ಹುಡುಗರೇ ಏಳು ಜನ.

ಸೆಪ್ಟೆಂಬರ್ ತಿಂಗಳು. ರಾತ್ರಿ ಏಳೂವರೆಗೂ ಸೆಖೆ ಇಳಿದಿರಲಿಲ್ಲ. ನಾನು ಒಬ್ಬನ ಮೀನಖಂಡ ಹಿಡಿದುಕೊಂಡಿದ್ದನ್ನು ಬಿಡಿಸುತ್ತಿದ್ದೆ, ಇನ್ನೊಬ್ಬ ಪಾದದ ಗಂಟಿಗೆ ಟೇಪ್ ಸುತ್ತಿಸಿಕೊಳ್ಳಲು ಕಾಯುತ್ತಿದ್ದ. ಎರಡನೇ ಕ್ವಾರ್ಟರ್‌ನಲ್ಲಿ 54ನೇ ನಂಬರ್ ಹುಡುಗ ಏಳುವುದು ಸ್ವಲ್ಪ ತಡವಾಯಿತು. ಅವನು ಸೆಂಟರ್. ಪ್ರತಿ ಸಲ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಿನ ದೈತ್ಯನಿಗೆ ಎದೆಕೊಡುವವನು. ತಡೆಯುವ ಸರದಿ ಬಂದಾಗಲೂ ನಡುಮಧ್ಯದಲ್ಲಿ ಅವನೇ. ನಾನು ಸೈಡ್‌ಲೈನ್‌ನಿಂದಲೇ ಕೂಗಿದೆ, "ಸರಿ ಇದ್ದೀಯಾ?"

ಅವನು ಹೆಬ್ಬೆರಳು ಎತ್ತಿ ತೋರಿಸಿದ. ನಾನು ಟೇಪ್ ಸುತ್ತುವುದಕ್ಕೆ ತಿರುಗಿದೆ.

ಅದು ನನ್ನ ತಪ್ಪು.

ಹಾಫ್‌ಟೈಮಿನಲ್ಲಿ ಅವನು ಟ್ರಾಂಬೋನ್ ಹಿಡಿದು ಹೋದ. ಮೂರು ಹಾಡು ಮುಗಿಸಿ ಬಂದ. ಹಿಂದೆಯೇ ಬ್ಯಾಂಡ್ ಮೇಷ್ಟ್ರು ನನ್ನ ಹತ್ತಿರ ಬಂದರು. ಅವರಿಗೆ ಫುಟ್‌ಬಾಲ್ ಗಂಧಗಾಳಿ ಇಲ್ಲ. "ಡಾಕ್, ಇವತ್ತು ಅವನು ಸಾಲು ತಪ್ಪಿದ. ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ ನಿಂತುಬಿಟ್ಟ. ಆರು ವಾರದ ಪ್ರಾಕ್ಟೀಸ್‌ನಲ್ಲಿ ಒಂದು ಸಲವೂ ಹೀಗೆ ಮಾಡಿದವನಲ್ಲ" ಅಂದರು. ಇಲ್ಲಿ ಟ್ರೇನರ್‌ಗಳನ್ನು ಡಾಕ್ ಎಂದು ಕರೆಯುವುದು ಉಂಟು, ನಾನು ಡಾಕ್ಟರ್ ಅಲ್ಲ.

ನಾನು 54ನ್ನು ಬೆಂಚಿನ ಕೊನೆಗೆ ಕರೆದುಕೊಂಡು ಹೋದೆ. ಇದು ಯಾವ ಮೈದಾನ, ಈಗ ಎಷ್ಟನೇ ಹಾಫ್, ಕೊನೆಗೆ ಪಾಯಿಂಟ್ ಹೊಡೆದವರು ಯಾರು ಅಂತ ಕೇಳಿದೆ. ಎಲ್ಲಕ್ಕೂ ಸರಿಯಾಗಿಯೇ ಹೇಳಿದ. "ಕಳೆದ ವಾರ ಯಾರ ಮೇಲೆ ಆಡಿದಿರಿ?" ಸುಮ್ಮನಾದ. ನನ್ನ ಮುಖ ನೋಡಿದ, ನೆಲ ನೋಡಿದ. ಆಮೇಲೆ ಹಿಂದಿನ ವರ್ಷದ ಎದುರಾಳಿಯ ಹೆಸರು ಹೇಳಿದ. ಆ ಕಡೆ ಡ್ರಮ್ ಒಮ್ಮೆ ಬಾರಿಸಿದ್ದಕ್ಕೇ ಕಣ್ಣು ಮುಚ್ಚಿಕೊಂಡ.

ನಾನು ಅವನ ಹೆಲ್ಮೆಟ್ ತೆಗೆದು ನನ್ನ ಕಿಟ್ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ. ಈ ಕೆಲಸದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಹೆಲ್ಮೆಟ್ ಕೈಗೆ ಸಿಕ್ಕರೆ ಹುಡುಗರು ಗಲಾಟೆಯಲ್ಲಿ ಮತ್ತೆ ಮೈದಾನಕ್ಕೆ ನುಗ್ಗಿಬಿಡುತ್ತಾರೆ.

ಕೋಚ್ ಕೆಟ್ಟವರಲ್ಲ. ತಮ್ಮ ಕೈಯಿಂದ ದುಡ್ಡು ಹಾಕಿ ಮಕ್ಕಳಿಗೆ ಬೂಟು ಕೊಡಿಸುವ ಮನುಷ್ಯ. ಆದರೂ ಅವರ ಮೊದಲ ಮಾತು, "ಅವನ ಜಾಗಕ್ಕೆ ನನ್ನ ಹತ್ತಿರ ಯಾರಿದ್ದಾರೆ?" ಕಾನೂನು ನನ್ನ ಪರ ಇತ್ತು. ಟೆಕ್ಸಾಸ್‌ನಲ್ಲಿ 2011ರಿಂದ ನತಾಶಾ ಕಾನೂನು ಇದೆ. ನತಾಶಾ ಹೆಲ್ಮಿಕ್ ಎಂಬ ಸಾಕರ್ ಆಟಗಾರ್ತಿಯ ಹೆಸರಿನಲ್ಲಿ ಬಂದದ್ದು. ತಲೆಗೆ ಪೆಟ್ಟಾಗಿ ಕನ್ಕಷನ್, ಅಂದರೆ ಮೆದುಳಿಗೆ ಏಟು ತಗುಲಿದ ಅನುಮಾನ ಬಂದರೆ ಆಟಗಾರನನ್ನು ಕೂಡಲೇ ಹೊರಗೆ ತರಬೇಕು, ಅದೇ ದಿನ ಮತ್ತೆ ಇಳಿಸುವಂತಿಲ್ಲ, ಆಮೇಲೆ ಇಳಿಸಬೇಕಾದರೂ ಡಾಕ್ಟರ್ ಬರೆದುಕೊಡಬೇಕು. ಹಾಗಾಗಿ ವಾದಕ್ಕೆ ಜಾಗ ಇರಲಿಲ್ಲ, ಕೋಚ್ ವಾದಿಸಲೂ ಇಲ್ಲ. ಆದರೆ ಅವರ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. 54ರ ಜಾಗಕ್ಕೆ ಹೋದವನು ಒಂಬತ್ತನೇ ಕ್ಲಾಸಿನ ಹುಡುಗ. ಅರವತ್ತು ಕಿಲೋ ಇದ್ದಾನೋ ಇಲ್ಲವೋ. ಎದುರಿಗಿದ್ದವನು ಅವನ ಎರಡರಷ್ಟು. ಒಂದು ಮಗುವನ್ನು ಕಾಪಾಡಲು ಹೋಗಿ ಇನ್ನೊಂದನ್ನು ಬೆಂಕಿಗೆ ತಳ್ಳಿದ ಹಾಗೆ ಅನಿಸಿತು. ಉಳಿದ 24 ನಿಮಿಷ ನಾನು ಅವನೊಬ್ಬನನ್ನೇ ನೋಡುತ್ತಾ ನಿಂತಿದ್ದೆ.

ಭಾನುವಾರ ಕೋಚ್ ಜೊತೆ ಕೂತು ಆಟದ ವಿಡಿಯೋ ನೋಡಿದೆ. ಎರಡನೇ ಕ್ವಾರ್ಟರ್‌ನ ಆ ಢಿಕ್ಕಿ ಬಂತು. 54 ಎದ್ದು ನಿಂತ. ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟಾಗಿನಿಂದ ಅದು ನಿಲ್ಲುವ ತನಕ ಒಂದು ಆಟ ಅಂತ ಲೆಕ್ಕ. ಮುಂದಿನ ಆಟಕ್ಕೆ ಸಾಲು ಕಟ್ಟುವಾಗ ಪಕ್ಕದ ಹುಡುಗ ಅವನ ಜೆರ್ಸಿ ಹಿಡಿದು ಸರಿಯಾದ ಕಡೆಗೆ ತಿರುಗಿಸಿದ. ಮುಂದಿನ ಸಲವೂ ತಿರುಗಿಸಿದ. ಆ ಹುಡುಗನಿಗೆ ಗೊತ್ತಿತ್ತು. ಹೇಳಲಿಲ್ಲ. ಸೋಮವಾರ ಯಾಕಪ್ಪಾ ಅಂತ ಕೇಳಿದರೆ, "ಅವನು ಹೋದರೆ ಯಾರು ಬರ್ತಾರೆ ಅಂತ ನಿಮಗೂ ಗೊತ್ತಲ್ವಾ ಡಾಕ್" ಅಂದ.

ನನಗೆ ನನ್ನೂರು ನೆನಪಾಯಿತು. ಪುತ್ತೂರು ಕಡೆಯ ಸಣ್ಣ ಸರ್ಕಾರಿ ಶಾಲೆ ನಮ್ಮದು. ವಲಯ ಮಟ್ಟದ ಕಬಡ್ಡಿಗೆ ಏಳು ಜನರನ್ನು ಹೊಂದಿಸುವಷ್ಟರಲ್ಲಿ ಪಿ.ಟಿ. ಮಾಸ್ಟ್ರಿಗೆ ಸಾಕೋಸಾಕಾಗುತ್ತಿತ್ತು. ಅಲ್ಲಿ ಮಕ್ಕಳ ಸಂಖ್ಯೆ ನೋಡಿ ವರ್ಗ ಮಾಡುವ ಪದ್ಧತಿಯೇ ಇಲ್ಲ, ಪೇಟೆಯ ದೊಡ್ಡ ಶಾಲೆಯ ಮೇಲೆ ನೇರ ಆಟ. ಮೊಣಕಾಲು ಉಳುಕಿದ್ದರೂ ನಾನು ಮಾಸ್ಟ್ರಿಗೆ ಹೇಳಲಿಲ್ಲ. ಎಂಟನೆಯವನು ಇದ್ದಿದ್ದರೆ ಹೇಳುತ್ತಿದ್ದೆನೇನೋ. ಈ ಹುಡುಗರು ಹೇಳುವ ಸುಳ್ಳನ್ನು ನಾನೂ ಹೇಳಿದವನೇ. ಹಾಗಿದ್ದೂ ಸೈಡ್‌ಲೈನ್‌ನಲ್ಲಿ ನಿಂತು "ಸರಿ ಇದ್ದೀಯಾ" ಅಂತ ಕೇಳಿ, ಅವನ ಹೆಬ್ಬೆರಳನ್ನು ನಂಬಿಬಿಟ್ಟೆ. ಹಿಂದೆ ಯಾರೂ ಇಲ್ಲ ಅಂತ ಗೊತ್ತಿರುವ ಹುಡುಗ ಆ ಪ್ರಶ್ನೆಗೆ ಹೌದು ಅಂತಲೇ ಹೇಳುತ್ತಾನೆ. ಅವತ್ತಿನಿಂದ ಆ ಪ್ರಶ್ನೆಯನ್ನು ನಾನು ಯಾವ ಆಟಗಾರನಿಗೂ ಕೇಳಿಲ್ಲ.

ವಿಡಿಯೋದಲ್ಲಿ ಇನ್ನೊಂದು ಲೆಕ್ಕ ಮಾಡಿದೆವು. ಹಾಫ್‌ಟೈಮಿನ ಹೊತ್ತಿಗೆ 54 ಆಡಿದ್ದು 71 ಸಲ. ಅವನ ಎದುರಿಗಿದ್ದ ದೊಡ್ಡ ಶಾಲೆಯ ಹುಡುಗ ಆಡಿದ್ದು 29 ಸಲ. ಕೋಚ್ ಪೆನ್ನು ಕೆಳಗಿಟ್ಟು ತುಂಬಾ ಹೊತ್ತು ಮಾತಾಡಲಿಲ್ಲ.

54 ಮೂರು ವಾರ ಹೊರಗಿದ್ದ. ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಢಿಕ್ಕಿ ಇಲ್ಲದ ಅಭ್ಯಾಸ, ಹೀಗೆ ಒಂದೊಂದೇ ಮೆಟ್ಟಿಲು. ತಲೆನೋವು ಬಂದರೆ ಮತ್ತೆ ಕೆಳಗಿನ ಮೆಟ್ಟಿಲು. ಅವನ ಅಜ್ಜಿ ದಿನಾ ಸಂಜೆ ಬೇಲಿಯ ಹತ್ತಿರ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹುಡುಗ ಚೆನ್ನಾಗಿಯೇ ಗುಣವಾದ.

ಮುಂದಿನ ಆಗಸ್ಟ್‌ನಲ್ಲಿ, ಪ್ರಾಕ್ಟೀಸ್ ಶುರುವಾಗುವ ಮೊದಲೇ, ಕೋಚ್ ನನ್ನನ್ನು ಕರೆದರು. ಪ್ರತಿ ಜಾಗಕ್ಕೂ ಎರಡನೇ ಹೆಸರು ಬರೆಯೋಣ ಅಂದರು. ಬರೆಯುವುದು ಸುಲಭ. ಕಷ್ಟ ಇದ್ದದ್ದು ಆ ಎರಡನೆಯವನನ್ನು ತಯಾರು ಮಾಡುವುದರಲ್ಲಿ. ಮಂಗಳವಾರ, ಬುಧವಾರ ಎರಡೂ ದಿನ ಅವರು ಕಾಲು ಗಂಟೆ ಮೊದಲ ಸಾಲಿನವರ ಜೊತೆಗೇ ಆಡಬೇಕು. ಸೆಂಟರ್ ಜಾಗಕ್ಕೆ ಒಬ್ಬನಲ್ಲ, ಇಬ್ಬರು. ಮೊದಮೊದಲು ಚೆಂಡು ಕೋಚ್ ತಲೆಯ ಮೇಲಿಂದ ಹಾರಿ ಹೋಗುತ್ತಿತ್ತು. ಸಮಯ ಹಾಳು ಅಂತ ಊರಿನವರು ಬೇಲಿಯಾಚೆಯಿಂದ ಹೇಳಿದರು. ಕೋಚ್ ಬಿಡಲಿಲ್ಲ.

ಪಂದ್ಯದ ನಡುವೆ ಚೆಂಡು ಒದೆಯುವ ಆಟಗಳಲ್ಲಿ ಎರಡೂ ಕಡೆ ಆಡುವವರನ್ನು ಹೊರಗೆ ತಂದೆವು. ಆ ಒಂದು ನಿಮಿಷ ಅವರು ಬೆಂಚಿನ ಮೇಲೆ ಕೂರಲೇಬೇಕು. ಒಂದು ಆಟ ಮುಗಿದು ಮುಂದಿನದು ಶುರು ಮಾಡಲು 40 ಸೆಕೆಂಡ್ ಸಿಗುತ್ತದಲ್ಲ, ಅದನ್ನು ಪೂರ್ತಿ ಬಳಸುವುದು, ಚೆಂಡನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ಮುಂದೆ ಸಾಗುವುದು. ಗಡಿಯಾರ ಓಡಿದಷ್ಟೂ ಆಟಗಳ ಸಂಖ್ಯೆ ಕಡಿಮೆ, ಹುಡುಗರ ಮೈಮೇಲೆ ಬೀಳುವ ಢಿಕ್ಕಿಯೂ ಕಡಿಮೆ. ದೊಡ್ಡ ಟೀಮಿನ ಉದ್ದ ಬೆಂಚಿಗೆ ಆಗ ಅಷ್ಟು ಬೆಲೆ ಇರುವುದಿಲ್ಲ. ಬ್ಯಾಂಡ್ ಮೇಷ್ಟ್ರು ಆಟಗಾರ ಮಕ್ಕಳಿಗೆ ಒಂದೇ ಹಾಡು ಸಾಕು ಅಂತ ಒಪ್ಪಿದರು.

ಕಣ್ಣುಗಳನ್ನೂ ಹೆಚ್ಚಿಸಿಕೊಂಡೆ. ನಾನೊಬ್ಬ 24 ಜನರನ್ನು ನೋಡಲು ಆಗುವುದಿಲ್ಲ. ನೀರು ಕೊಡುವ ಇಬ್ಬರು ಹುಡುಗಿಯರು, ಬ್ಯಾಂಡ್ ಮೇಷ್ಟ್ರು, ಸ್ಕೋರ್ ಬರೆಯುವ ಗಣಿತದ ಟೀಚರ್, ಎಲ್ಲರನ್ನೂ ಕೂರಿಸಿ ಆ ವಿಡಿಯೋ ತೋರಿಸಿದೆ. ಯಾರು ತಪ್ಪು ಕಡೆಗೆ ಮುಖ ಮಾಡಿ ನಿಂತಿದ್ದಾರೆ, ಯಾರನ್ನು ಪಕ್ಕದವನು ಹಿಡಿದು ತಿರುಗಿಸುತ್ತಿದ್ದಾನೆ, ಅಷ್ಟು ನೋಡಿ ಸಾಕು ಅಂದೆ. ನೀರಿನ ಹುಡುಗಿಯರ ಕಣ್ಣು ಬಹಳ ಚುರುಕು. ಅವರು ಪ್ರತಿ ಟೈಮ್‌ಔಟ್‌ನಲ್ಲೂ ಹತ್ತಿರದಿಂದ ಮುಖ ನೋಡುತ್ತಾರೆ.

ನನ್ನ ಮೂರು ಶಾಲೆಗಳಲ್ಲಿ ಇನ್ನೊಂದು ಇದಕ್ಕಿಂತ ಚಿಕ್ಕದು, ಅಲ್ಲಿ ಆರು ಜನರ ಫುಟ್‌ಬಾಲ್. 1934ರಲ್ಲಿ ನೆಬ್ರಾಸ್ಕಾ ರಾಜ್ಯದಲ್ಲಿ ಸ್ಟೀಫನ್ ಎಪ್ಲರ್ ಅನ್ನುವ ಕೋಚ್ ಚಿಕ್ಕ ಶಾಲೆಗಳಿಗಾಗಿಯೇ ಹುಟ್ಟುಹಾಕಿದ ಆಟ. ಮೈದಾನ 80 ಗಜ ಉದ್ದ, 40 ಗಜ ಅಗಲ. ಅರ್ಧ ಆಟ ಮುಗಿದ ಮೇಲೆ ಅಂತರ 45 ಪಾಯಿಂಟ್ ಆದರೆ ಆಟ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಊರಿನ ಹಿರಿಯರಿಗೆ ಆರು ಜನರ ಆಟಕ್ಕೆ ಇಳಿಯುವುದು ಊರು ಸೋತ ಹಾಗೆ. ಹತ್ತಿ ಬೆಳೆಯುವ ಊರಿನಿಂದ ಮನೆಗಳು ಖಾಲಿಯಾಗುತ್ತಿರುವುದನ್ನು ಕಣ್ಣಾರೆ ಕಂಡವರ ಸಂಕಟ ಅದು, ನನಗೆ ಅರ್ಥವಾಗುತ್ತದೆ. ಆದರೂ ಮಕ್ಕಳ ಸಂಖ್ಯೆ ಇನ್ನೂ ಇಳಿದರೆ ನಾನು ಆರರ ಪರ. ಆ ಆಟವೂ ಅಷ್ಟೇ ಚೆಂದ.

ಆ ದೊಡ್ಡ ಶಾಲೆಯ ಜೊತೆ ಎರಡು ವರ್ಷದ ಒಪ್ಪಂದ ಇತ್ತು. ಎರಡನೇ ವರ್ಷ ಅವರು ನಮ್ಮೂರಿಗೆ ಬಂದರು. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ 20–20. ನಮ್ಮ ಜನ ಬೇಲಿಗೆ ಅಂಟಿಕೊಂಡು ಕೂಗುತ್ತಿದ್ದರು. ಆಗ 62ನೇ ನಂಬರ್ ಹುಡುಗ ಸಾಲಿನಿಂದ ಹೊರಗೆ ಬಂದ. ಹಿಂದಿನ ವರ್ಷ 54ರ ಜೆರ್ಸಿ ಹಿಡಿದು ತಿರುಗಿಸಿದ್ದವನು. ಯಾರೂ ಕರೆದಿರಲಿಲ್ಲ. ಅವನು ಗೆರೆಯಾಚೆ ಕಾಲಿಡುವ ಮೊದಲೇ ಅವನ ಎರಡನೆಯವನು ಹೆಲ್ಮೆಟ್ ಬಿಗಿದುಕೊಂಡು ಒಳಗೆ ಓಡಿದ. 62 ತಿರುಗಿ ಅದನ್ನು ಒಂದು ಸಲ ನೋಡಿದ.

"ಡಾಕ್, ತಲೆ ಜುಮ್ ಅಂತಿದೆ" ಅಂದ. ಹೆಲ್ಮೆಟ್ಟನ್ನು ತಾನೇ ಬಿಚ್ಚಿ ನನ್ನ ಕೈಗೆ ಕೊಟ್ಟ.

ಆಟ 26–20ರಲ್ಲಿ ಸೋತೆವು. ಹುಡುಗರು ತುಂಬಾ ಅತ್ತರು. ಕೋಚ್ ಎಲ್ಲರನ್ನೂ ಹತ್ತಿರ ಕರೆದು ಮೊದಲು ಕೇಳಿದ್ದು 62 ಎಲ್ಲಿ ಅಂತ. ಅವನು ನನ್ನ ಪಕ್ಕದಲ್ಲಿ, ಅವರಮ್ಮನ ಕೈ ಹಿಡಿದುಕೊಂಡು ಕೂತಿದ್ದ.