ಎರಡನೇ ನಂಬರಿನ ಹುಡುಗ

ರಗ್ಬಿ ಪಂದ್ಯದ ಮೊದಲಾರ್ಧ ಮುಗಿದಾಗ ನಮ್ಮ ಹುಕರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಆಟದೊಳಗೆ ಎಸೆಯುವ ಲೈನ್‌ಔಟ್ ಅವನ ಕೆಲಸ. ಅವನು ಎಸೆದ ಆರು ಲೈನ್‌ಔಟ್‌ಗಳಲ್ಲಿ ನಾಲ್ಕು ಎದುರಾಳಿಗಳ ಪಾಲಾಗಿದ್ದವು. 18 ವರ್ಷದ ಹುಡುಗ, ಬೆನ್ನ ಮೇಲೆ 2ನೇ ನಂಬರ್. ಕೈ ಒಣಗಿದ್ದರೂ ಸುಮ್ನೆ ಜರ್ಸಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷ ಮಧ್ಯಮ ವೇಗದ ಬೌಲರ್ ಆಗಿದ್ದವನು ನಾನು. ಒಂದು ವೈಡ್ ಹೋದರೆ ಮುಂದಿನದನ್ನು ಸರಿಯಾಗಿ ಹಾಕಲೇಬೇಕು ಅಂತ ಮೈ ಬಿಗಿಯುತ್ತದೆ. ಅದೂ ವೈಡ್ ಆಗುತ್ತದೆ. ಆಮೇಲೆ ರನ್‌ಅಪ್ಪೇ ಮರೆತುಹೋಗುತ್ತದೆ.

ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್ ಎರಡನೇ ಸಲ ಆದಾಗ ನನ್ನ ಕ್ರಿಕೆಟ್ ನಿಂತಿತು. ಎತ್ತರದ ಚೆಂಡು ಹಿಡಿಯುವುದನ್ನು ಹುಡುಗರಿಗೆ ಕಲಿಸಿ ಅಂತ ರಗ್ಬಿ ತಂಡವೊಂದು ಕರೆಯಿತು. ಹೋದವನು ಅಲ್ಲೇ ಉಳಿದುಬಿಟ್ಟೆ. ಎರಡೂ ತಂಡದವರು ತಲೆ ತಗ್ಗಿಸಿ, ಭುಜ ಕೊಟ್ಟು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಕ್ರಿಕೆಟ್‌ನವನಿಗೆ ಇಲ್ಲೇನು ಕೆಲಸ ಅನ್ನಿಸಿದಾಗೆಲ್ಲ ನಮೀಬಿಯಾದ ರೂಡಿ ವಾನ್ ವ್ಯೂರೆನ್ ನೆನಪಾಗುತ್ತಿದ್ದರು. 2003ರಲ್ಲಿ ಅವರು ಎರಡೂ ಆಟಗಳ ವಿಶ್ವಕಪ್ ಆಡಿದರು. ಅವರೂ ಬೌಲರ್. ಇಂಗ್ಲೆಂಡ್ ಎದುರು 5 ವಿಕೆಟ್ ಕಿತ್ತವರು.

ಆ ಹುಡುಗನನ್ನು ಗೆರೆಯ ಹತ್ತಿರ ಕರೆದುಕೊಂಡು ಹೋದೆ. ಲೈನ್‌ಔಟ್‌ನಲ್ಲಿ ಎರಡು ತಂಡದವರು ಒಂದು ಮೀಟರ್ ಅಂತರ ಬಿಟ್ಟು ಸಾಲಾಗಿ ನಿಲ್ಲುತ್ತಾರೆ. ಆ ಸಂದಿಯಲ್ಲಿ ಚೆಂಡು ನೇರವಾಗಿ ಹೋಗಬೇಕು. ಎಸೆಯುವ ಮುಂಚೆ ಹುಕರ್ ಗೆರೆ ದಾಟಿ ಒಳಗೆ ಕಾಲಿಡುವಂತಿಲ್ಲ, ಥೇಟ್ ನಮ್ಮ ನೋಬಾಲ್ ಥರ.

"ಎಲ್ಲಿ ನೋಡ್ತಿದ್ದೀಯ?" ಅಂತ ಕೇಳಿದೆ.

"ಎದುರಿನ ಜಂಪರ್‌ನ, ಸರ್. ಅವನಿಗೆ ಸಿಗಬಾರದಲ್ವಾ?"

ಅಲ್ಲೇ ಇತ್ತು ತೊಂದರೆ. ಬೌಲರ್ ಆಗಿ ನಾನು ಹಾಕಿದ ಒಂದೊಂದು ಚೆಂಡೂ ಎದುರಿಗಿದ್ದವನನ್ನು ತಪ್ಪಿಸಲೆಂದೇ. ಲೈನ್‌ಔಟ್ ಎಸೆತ ಹಾಗಲ್ಲ. ಇಬ್ಬರು ಲಿಫ್ಟರ್‌ಗಳು ಎತ್ತಿ ಹಿಡಿದ ನಮ್ಮ ಜಂಪರ್ ಗಾಳಿಯಲ್ಲಿ ಕೈ ಚಾಚಿರುತ್ತಾನೆ, ಒಂದು ಕ್ಷಣ ಮಾತ್ರ. ಚೆಂಡು ಆ ಕೈಗೆ ಸೇರಬೇಕು. ಇದು ನನಗೇ ತಡವಾಗಿ ಹೊಳೆದ ವಿಷಯ.

"ಎದುರಾಳಿಯನ್ನ ಮರೆತುಬಿಡು. ನಮ್ಮವನ ಬೆರಳ ತುದಿ ಎಲ್ಲಿರತ್ತೆ ಅಂತ ಅಷ್ಟೇ ನೋಡು" ಅಂದೆ. ಮಿಕ್ಕಿದ್ದೆಲ್ಲ ಬೌಲಿಂಗ್‌ನಿಂದ ತಂದಿದ್ದು. ಪ್ರತಿ ಸಲ ಕಾಲು ಅದೇ ಜಾಗದಲ್ಲಿ. ಚೆಂಡು ತಲೆಯ ಮೇಲೆ, ಮೊಣಕೈ ಒಳಗೆ. ಒಂದು ಉಸಿರು ಪೂರ್ತಿ ಹೊರಗೆ ಬಿಡು. ಆಮೇಲೆ ಎಸೆ. ಎಸೆದ ಮೇಲೂ ಎರಡೂ ಕೈ ಗುರಿಯ ಕಡೆಗೇ ಚಾಚಿರಲಿ.

ಎರಡನೇ ಅರ್ಧದ ಮೊದಲ ಲೈನ್‌ಔಟ್ ಮತ್ತೆ ಸೊಟ್ಟಗೆ ಹೋಯಿತು. ರೆಫರಿ ಸೀಟಿ ಊದಿದರು. ಎದುರಾಳಿಗಳು ಸ್ಕ್ರಮ್ ಕೇಳಿದರು. ನನಗೆ ಹೊಟ್ಟೆಯೊಳಗೆ ಹಿಂಡಿದ ಹಾಗಾಯಿತು. ಅವನು ಮಾತ್ರ ಈ ಸಲ ತಲೆ ತಗ್ಗಿಸಲಿಲ್ಲ.

ಮುಂದಿನದಕ್ಕೆ ಕಾಲಿಟ್ಟ. ಉಸಿರು ಬಿಟ್ಟ, ಭುಜ ಇಳಿದದ್ದು ನನಗೆ ಇಲ್ಲಿಂದಲೇ ಕಂಡಿತು. ಚೆಂಡು ತಿರುಗುತ್ತಾ ಹೋಗಿ ಜಂಪರ್‌ನ ಅಂಗೈಗೆ ಬಡಿದ ಸದ್ದು ಕೇಳಿಸಿತು. ಆಮೇಲೆ ಒಂದೂ ತಪ್ಪಲಿಲ್ಲ.

ಪಂದ್ಯ 3 ಅಂಕಗಳಿಂದ ಸೋತೆವು. ಎಲ್ಲರೂ ಬಟ್ಟೆ ಬದಲಿಸಲು ಹೋದರು. ಹುಡುಗ ಇಬ್ಬರು ಲಿಫ್ಟರ್‌ಗಳನ್ನೂ ಜಂಪರ್‌ನನ್ನೂ ಹಿಡಿದು ನಿಲ್ಲಿಸಿಕೊಂಡಿದ್ದ. ಕತ್ತಲಾಗುವವರೆಗೂ ಎಸೆಯುತ್ತಲೇ ಇದ್ದ. ಆಚೆಗೆ ಹೋದ ಚೆಂಡುಗಳನ್ನು ನಾನು ಹೆಕ್ಕಿ ಹೆಕ್ಕಿ ಅವನಿಗೆ ಕೊಡುತ್ತಿದ್ದೆ.