ಹಸಿಗಾ, ಒಲೆಗಾ?

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ನಾಮಾ ದೆಸ್ ಕಾ?"

ನಮ್ಮ ಬೀದಿಯ ಮೀನಂಗಡಿಯವರು ಅಮ್ಮನನ್ನು ಕೇಳಿದ್ದು. ಹಸಿಯಾಗಿ ತಿನ್ನೋಕಾ ಅಂತ ಅರ್ಥ. ಅಮ್ಮನಿಗೆ ಕೇಳಿಸಿದ್ದು ನಾಮ. ಹೆಸರು ಕೇಳ್ತಿದ್ದಾರೆ ಅಂದುಕೊಂಡು ಕೈ ಮುಗಿದು ತನ್ನ ಹೆಸರು ಹೇಳಿದಳು. ಅವರೂ ಬಗ್ಗಿ ತಮ್ಮ ಹೆಸರು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಕೇಳಿದರು. ನಾಮಾ ದೆಸ್ ಕಾ?

ಅಮ್ಮ ಗಂಗೊಳ್ಳಿಯಿಂದ ಜಪಾನಿನ ಯೊಕೊಹಾಮಾಗೆ ಬಂದು ಮೂರು ವಾರ ಆಯಿತು. ಇಲ್ಲಿನ ದೇವಸ್ಥಾನ, ಪಾರ್ಕು, ರೈಲು ಯಾವುದೂ ಅವಳನ್ನು ಅಷ್ಟು ಸೆಳೆಯಲಿಲ್ಲ. ಮೀನಂಗಡಿ ಸೆಳೆಯಿತು. ಐಸಿನ ಮೇಲೆ ಸಾಲಾಗಿ ಮಲಗಿದ್ದ ಸಾಬಾ ಮೀನು ನೋಡಿ "ಕಾಣ್, ನಮ್ಮ ಬಂಗುಡೆಯ ಅಣ್ಣ" ಅಂದಳು. ಮಾತು ಸರಿಯೇ. ಎರಡೂ ಒಂದೇ ಕುಟುಂಬದವು, ಸಾಬಾ ಗಾತ್ರದಲ್ಲಿ ದೊಡ್ಡದು ಅಷ್ಟೆ. ನಾನು ಬೇಡ ಅನ್ನುವಷ್ಟರಲ್ಲಿ ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದಳು. ಒಳಗೆ ದಾಸವಾಳದ ಕೆಂಪು. ಕಣ್ಣು ಉಬ್ಬಿತ್ತು, ಮೈ ಬಿಗಿಯಾಗಿತ್ತು. "ಇವತ್ತಿಂದೇ ಮೀನು" ಅಂತ ತೀರ್ಪು ಕೊಟ್ಟಳು. ಇಲ್ಲಿ ಗಿರಾಕಿಗಳು ಮೀನು ಮುಟ್ಟುವುದಿಲ್ಲ. ಅಂಗಡಿಯವರ ಮುಖ ಒಂದು ಕ್ಷಣ ಬಿಗಿಯಾಯಿತು. ಆದರೆ ಅಮ್ಮ ಕಿವಿರು ಎತ್ತಿದ ರೀತಿ ನೋಡಿ ಅವರಿಗೆ ಏನೋ ಗೊತ್ತಾಗಿರಬೇಕು, ಸುಮ್ಮನಾದರು.

ಭಾನುವಾರ ಮಗನಿಗೆ ಒಂಬತ್ತು ತುಂಬುತ್ತಿತ್ತು. ಮನೆಯಲ್ಲೇ ಸಾಶಿಮಿ, ಅಂದರೆ ತೆಳ್ಳಗೆ ಕೊಯ್ದ ಹಸಿ ಮೀನು, ಮಾಡು ಅಂತ ತಿಂಗಳಿಂದ ಹಠ. ಹಾಗಾಗಿ "ಹೌದು, ನಾಮಾ" ಅಂದೆ. ಅವರು ಅಮ್ಮನ ಕೈಯಲ್ಲಿದ್ದ ಸಾಬಾ ನೋಡಿ ತಲೆ ಅಲ್ಲಾಡಿಸಿದರು. ಇದು ಬೇಡ, ಇದು ಒಲೆಗೆ ಅಂದರು.

ನನಗೆ ಸ್ವಲ್ಪ ಚುಚ್ಚಿತು, ಸುಳ್ಳು ಹೇಳಲ್ಲ. ಹೊರಗಿನವರಿಗೆ ಮೀನು ಗೊತ್ತಿಲ್ಲ ಅನ್ನುವ ಧಾಟಿಯಾ ಇದು ಅನ್ನಿಸಿತು. ನಾವು ಕಡಲ ಬದಿಯವರು. ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಕಿವಿರು ನೋಡದೆ ಒಂದು ಬೈಗೆ ಮೀನನ್ನೂ ತಗೊಂಡವರಲ್ಲ. "ಮೀನು ತಾಜಾ ಇದೆಯಲ್ವಾ?" ಅಂತ ಕೇಳಿದೆ. ಅವರು ಹೇಳಿದ್ದನ್ನು ನಾನು ಈ ವಾರ ಪೂರ್ತಿ ತಿರುಗಿ ತಿರುಗಿ ನೆನೆಸಿಕೊಂಡಿದ್ದೇನೆ. "ತುಂಬಾ ತಾಜಾ. ತಾಜಾ ಅನ್ನೋದು ಬೇರೆ, ಹಸಿ ಅನ್ನೋದು ಬೇರೆ."

ಕೊನೆಗೆ ಎರಡು ಪೊಟ್ಟಣ ತಂದೆವು. ಅಮ್ಮನ ಸಾರಿಗೆ ಅದೇ ಸಾಬಾ. ಮಗನಿಗೆ ಅವರೇ ಆರಿಸಿಕೊಟ್ಟ ಟ್ಯೂನಾ ತುಂಡು ಮತ್ತು ನಾರ್ವೆಯ ಸಾಲ್ಮನ್. ಎರಡರ ಮೇಲೂ 'ಸಾಶಿಮಿ-ಯೋ' ಅಂತ ಚೀಟಿ. ಸಾಬಾದ ಮೇಲೆ 'ಕಾನೆತ್ಸು-ಯೋ', ಅಂದರೆ ಬೇಯಿಸಲಿಕ್ಕೆ. ಸೂಪರ್‌ಮಾರ್ಕೆಟ್ಟಿನಲ್ಲೂ ಇದೇ ಎರಡು ಚೀಟಿ ಇರುತ್ತವೆ. ಆರು ವರ್ಷದಿಂದ ಓದುತ್ತಲೇ ಇದ್ದೇನೆ, ಆದರೆ ಎರಡನೆಯದು ಹಳೇ ಮೀನು ಇರಬೇಕು ಅಂದುಕೊಂಡಿದ್ದೆ.

ಮನೆಗೆ ಬಂದು ಅಮ್ಮ ಸಾಬಾದ ಹೊಟ್ಟೆ ಸೀಳಿದಳು. ಕರುಳು ಎಳೆದವಳು ಹಾಗೇ ನಿಂತಳು. "ಇದೆಂತ ಮಾರಾಯ್ತಿ, ಶ್ಯಾವಿಗೆ?"

ಪಿತ್ತಜನಕಾಂಗದ ಮೇಲೆ, ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು, ಬಿಳಿ ದಾರದಂಥವು ಮಲಗಿದ್ದವು. ನಾಲ್ಕೋ ಐದೋ ಇದ್ದವು. ಒಂದನ್ನು ಚಾಕುವಿನ ತುದಿಯಿಂದ ಬಿಡಿಸಿದರೆ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಚಾಚಿಕೊಂಡು ನಿಧಾನವಾಗಿ ತಲೆ ಎತ್ತಿತು. ಅನಿಸಾಕಿಸ್, ಕಡಲ ಮೀನಿನ ಪರಾವಲಂಬಿ ಹುಳ. ಹೆಸರು ಕೇಳಿದ್ದೆ, ಮುಖ ನೋಡಿದ್ದು ಮೊದಲ ಸಲ. ಮೀನು ಬದುಕಿರುವಾಗ ಇದು ಹೆಚ್ಚಾಗಿ ಹೊಟ್ಟೆಯಲ್ಲೇ ಇರುತ್ತದೆ. ಮೀನು ಸತ್ತು ಹೊತ್ತು ಕಳೆದಂತೆ ಕೆಲವು ಮಾಂಸದೊಳಕ್ಕೆ ತೂರುತ್ತವೆ. ಆದ್ದರಿಂದ ಹೊಟ್ಟೆ ಬೇಗ ತೆಗೆದಷ್ಟೂ ಒಳ್ಳೆಯದು. ಅಷ್ಟು ಮಾಡಿದರೂ ಒಂದು ಹುಳವೂ ಉಳಿದಿಲ್ಲ ಅಂತ ಹೇಳುವ ಹಾಗಿಲ್ಲ.

ಅಮ್ಮ ಹೆದರುವವಳಲ್ಲ. "ಹುಳಿ ಹಾಕಿದ್ರೆ ಸಾಯ್ತದೆ" ಅಂದಳು. ಬಟ್ಟಲಿಗೆ ವಿನಿಗರ್ ಸುರಿದು ಹುಳವನ್ನು ಅದರಲ್ಲಿ ಬಿಟ್ಟಳು. ಅದು ಈಜಾಡಿತು. ಒಂದು ಚಮಚ ಉಪ್ಪು ಹಾಕಿದಳು. ಅದು ಸುತ್ತಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು. ನಿಂಬೆ ಹಿಂಡಿದಳು. ಊರಿನಿಂದ ತಂದ ಅರಿಶಿನ ಹಾಕಿದಳು, ನೀರು ಹಳದಿಯಾಯಿತು, ಹುಳ ಇನ್ನೂ ಚೆನ್ನಾಗಿ ಕಾಣಿಸಿತು. ಮೆಣಸಿನ ಪುಡಿಯೂ ಆಯಿತು. ಒಂದು ಗಂಟೆ ಕಳೆದಿತ್ತು. ಮಗ ಸ್ಟೂಲಿನ ಮೇಲೆ ನಿಂತು ನೋಡುತ್ತಿದ್ದ. ನಾನು ಗಮನಿಸಿದ್ದು ಅಮ್ಮನ ಮುಖ. ಅರವತ್ತೆಂಟು ವರ್ಷದ ಅಡುಗೆಮನೆಯ ನಂಬಿಕೆ ಪೂರ್ತಿ ಆ ಬಟ್ಟಲಿನಲ್ಲಿತ್ತು. "ಸಾಯ್ಲಿಲ್ಲ ಕಾಣ್" ಅಂತ ಬಹಳ ಮೆಲ್ಲಗೆ ಹೇಳಿದಳು.

ಆಮೇಲೆ ಒಲೆಯ ಮೇಲಿದ್ದ ಕುದಿನೀರು ಒಂದು ಸೌಟು ಸುರಿದಳು. ತಕ್ಷಣ ನಿಂತಿತು.

ಇದಕ್ಕೆ ಇರುವುದು ಎರಡೇ ಮದ್ದು. ಒಂದು ಬೆಂಕಿ: 60 ಡಿಗ್ರಿಯಲ್ಲಿ ಒಂದು ನಿಮಿಷ, 70 ದಾಟಿದರೆ ಆ ಕ್ಷಣವೇ ಸಾಯುತ್ತದೆ. ಇನ್ನೊಂದು ಹಿಮ: ಮೀನಿನ ಒಳಗಿನ ತನಕ ಮೈನಸ್ 20 ಡಿಗ್ರಿಗೆ ಇಳಿದು 24 ಗಂಟೆ ಇರಬೇಕು. ಇದು ಜಪಾನಿನ ಲೆಕ್ಕ. ಅಮೆರಿಕದವರು ಅದೇ ಮೈನಸ್ 20ಕ್ಕೆ ಏಳು ದಿನ ಹೇಳುತ್ತಾರೆ. ನಮ್ಮ ಫ್ರಿಜ್ಜಿನ ಫ್ರೀಜರ್‌ನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ಬೆಳಗ್ಗೆ ಮೈನಸ್ 18. ಮಗ ಐಸ್‌ಕ್ರೀಮಿಗೆ ನಾಲ್ಕು ಸಲ ಬಾಗಿಲು ತೆಗೆದ ಸಂಜೆ ಮೈನಸ್ 14. ಮನೆಯ ಫ್ರೀಜರನ್ನು ನಂಬಿ ಹಸಿ ಮೀನು ತಿನ್ನಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಅಂಗಡಿಯವರು ಕೊಟ್ಟ ಟ್ಯೂನಾ? ದೂರದ ಕಡಲಿಗೆ ಹೋಗುವ ಹಡಗುಗಳಲ್ಲಿ ಟ್ಯೂನಾ ಹಿಡಿದ ಕೂಡಲೇ ಮೈನಸ್ 60ಕ್ಕೆ ಹಾಕಿಬಿಡುತ್ತಾರೆ. ತಿಂಗಳುಗಟ್ಟಲೆ ಕಲ್ಲಾಗಿ ಇದ್ದದ್ದು ಸಾಶಿಮಿಯಾಗುತ್ತದೆ. ಅಂದರೆ ಮಗ 'ಫ್ರೆಶ್' ಅಂತ ಬಾಯಿ ಚಪ್ಪರಿಸುವ ಮೀನು ನಮ್ಮ ಲೆಕ್ಕದಲ್ಲಿ ತಾಜಾನೇ ಅಲ್ಲ! ಸಾಲ್ಮನ್ ಕತೆ ಇನ್ನೂ ಚೆಂದ. ಹುಳದ ಕಾರಣಕ್ಕೆ ಜಪಾನಿನವರು ತಮ್ಮ ಕಡಲಿನ ಸಾಲ್ಮನ್ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಬಂದು, ನಮ್ಮದು ಸಾಕಿದ ಮೀನು, ತಯಾರಿಸಿದ ಆಹಾರ ತಿಂದು ಬೆಳೆದದ್ದು, ಹುಳ ಸೇರುವ ದಾರಿಯೇ ಇಲ್ಲ ಅಂತ ವರ್ಷಗಟ್ಟಲೆ ಹೇಳಿ ಒಪ್ಪಿಸಿದರು. ಉತ್ತರದ ಹೊಕ್ಕೈದೊದ ಐನು ಜನ ಅದಕ್ಕೂ ಮೊದಲೇ ಬೇರೆ ದಾರಿ ಕಂಡುಕೊಂಡಿದ್ದರು. ಚಳಿಗಾಲದ ಹಿಮದಲ್ಲಿ ಸಾಲ್ಮನ್ ಗಡ್ಡೆಗಟ್ಟಿಸಿ, ಅರ್ಧ ಕರಗಿದಾಗ ತೆಳ್ಳಗೆ ಕೊಯ್ದು ತಿನ್ನುತ್ತಿದ್ದರು. ರುಯಿಬೆ ಅಂತಾರೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ಅವರಿಗೆ ಅದು ಹೇಗೆ ಹೊಳೆಯಿತೋ, ನೆನೆಸಿಕೊಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈ ವಾರ ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಒಬ್ಬರ ಮೇಲೆ. ನಮ್ಮ ಕನ್ನಡದವರ ಗುಂಪಿನಲ್ಲೇ ಒಬ್ಬರಿದ್ದಾರೆ, ಯಜಮಾನರ ಪರಿಚಯದವರು. ಒಳ್ಳೆಯ ಮನುಷ್ಯ, ಕೈ ತುಂಬಾ ಬಡಿಸುತ್ತಾರೆ. ಆದರೆ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಗತ್ತು. ಹೋದ ವಾರ ಅವರು ಮನೆಯಲ್ಲೇ ಶಿಮೆ-ಸಾಬಾ ಮಾಡಿ ನೆಂಟರಿಗೆಲ್ಲ ಕೊಟ್ಟಿದ್ದರು. ಸಾಬಾಗೆ ಉಪ್ಪು ಸವರಿ, ಆಮೇಲೆ ವಿನಿಗರ್‌ನಲ್ಲಿ ನೆನೆಸುವ ಅಡುಗೆ ಅದು. ಉಪ್ಪು, ವಿನಿಗರ್, ಮೇಲೆ ವಸಾಬಿಯ ಖಾರ, ಇನ್ಯಾವ ಹುಳ ಬದುಕುತ್ತದೆ ಅಂದರಂತೆ. ಅದನ್ನು ತಿಂದ ನನ್ನ ಗೆಳತಿಗೆ ನಡುರಾತ್ರಿ ಹೊಟ್ಟೆನೋವು ಶುರುವಾಯಿತು. ಮೇಲ್ಹೊಟ್ಟೆ ಹಿಂಡಿ ಹಿಂಡಿ ಬಿಡುವ ನೋವು, ಹೆರಿಗೆ ನೋವೇ ವಾಸಿ ಅಂದಳು. ಬೆಳಗ್ಗೆ ಎಂಡೋಸ್ಕೋಪ್ ಇಳಿಸಿದರೆ ಹುಳ ಹೊಟ್ಟೆಯ ಗೋಡೆಗೆ ತಲೆ ಚುಚ್ಚಿಕೊಂಡು ಕೂತಿತ್ತು. ಸಣ್ಣ ಇಕ್ಕಳದಿಂದ ಎಳೆದು ತೆಗೆದರು. ತೆಗೆದ ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಇಷ್ಟಾದರೂ ಅವರು ಫೋನ್ ಮಾಡಿ "ವಿನಿಗರ್ ಸ್ವಲ್ಪ ಕಮ್ಮಿ ಆಯ್ತೇನೋ" ಅಂದಿದ್ದಾರೆ. ಅವರನ್ನು ನಮ್ಮ ಅಮ್ಮನ ಬಟ್ಟಲಿನ ಮುಂದೆ ಒಂದು ಗಂಟೆ ಕೂರಿಸಬೇಕಿತ್ತು.

ಆದರೆ ಅಮ್ಮನ ಕಿವಿರು ಪರೀಕ್ಷೆ ಸುಮ್ನೆ ಅಂತ ಯಾರಾದರೂ ಅಂದರೆ ಒಪ್ಪಲ್ಲ. ಚಿಕ್ಕಂದಿನಲ್ಲಿ ನಮ್ಮ ಮಾವ ಒಬ್ಬರು ಬಂಗುಡೆ ಸಾರು ಉಂಡು ಅರ್ಧ ಗಂಟೆಯಲ್ಲಿ ಮುಖ, ಕುತ್ತಿಗೆ ಎಲ್ಲ ಕೆಂಪಾಗಿ ತುರಿಸಿಕೊಂಡಿದ್ದರು. ನಂಜು ಅಂದರು ಮನೆಯಲ್ಲಿ. ಅದು ಹಿಸ್ಟಮಿನ್, ಅಂದರೆ ಅಲರ್ಜಿಯಂಥ ತುರಿಕೆ ತರುವ ರಾಸಾಯನಿಕ, ಇರಬೇಕು ಅಂತ ಈಗ ಅನ್ನಿಸುತ್ತದೆ. ಬಂಗುಡೆ, ಬೈಗೆ, ಟ್ಯೂನಾದಂಥ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಜಪಾನಿನಲ್ಲಿ ಸಾಬಾ ಬದುಕಿದ್ದಾಗಲೇ ಕೊಳೆಯುತ್ತದೆ ಅಂತ ಗಾದೆಯೇ ಇದೆ, ಅಷ್ಟು ಬೇಗ ಕೆಡುವ ಮೀನು. ಇದಕ್ಕೆ ಐಸೇ ಗತಿ. ಹುಳಕ್ಕೆ ಬೆಂಕಿ ಸಾಕು, ನಂಜಿಗೆ ಮೊದಲಿಂದಲೂ ತಣ್ಣಗೆ ಇಡಬೇಕು. ತಾಜಾ ಅನ್ನುವುದು ಅಲ್ಲಿ ಜೀವ ಉಳಿಸುವ ವಿದ್ಯೆ. ಹಸಿ ತಿನ್ನುವಾಗ ಮಾತ್ರ ಅದೊಂದೇ ಸಾಲದು.

ಭಾನುವಾರ ಸಾಶಿಮಿ ಮಾಡಿದೆ. ಸಾಬಾ ಸೀಳಿದ ಮಣೆ, ಚಾಕು ಹತ್ತಿರಕ್ಕೂ ತರಲಿಲ್ಲ. ಕೈ ತೊಳೆದು, ಬೇರೆ ಮಣೆ ಇಟ್ಟು, ಫ್ರಿಜ್ಜಿನಿಂದ ಕೊನೇ ಗಳಿಗೆಯಲ್ಲಿ ತೆಗೆದು, ಒರೆಸಿ, ಕೊಯ್ದು, ನೇರ ತಟ್ಟೆಗೆ. ಇಡೀ ಮೀನು ಸ್ವಚ್ಛ ಮಾಡುವಾಗ ನಲ್ಲಿಯ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಲು ಇಲ್ಲಿ ಹೇಳಿಕೊಡುತ್ತಾರೆ. 1950ರಲ್ಲಿ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಜನ ಕಾಯಿಲೆ ಬಿದ್ದು 20 ಜನ ಸತ್ತರು. ಆಗ ಪತ್ತೆಯಾದ ಬ್ಯಾಕ್ಟೀರಿಯಾ ಉಪ್ಪುನೀರಿನದು, ಸಿಹಿನೀರು ಅದಕ್ಕೆ ಆಗಿಬರುವುದಿಲ್ಲ. ಉಳಿದದ್ದನ್ನು ನಾಳೆಗೆ ಇಡಲಿಲ್ಲ, ರಾತ್ರಿಯೇ ಹುರಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಹಸಿ ಮೀನು ಕೊಡಲೇ ಇಲ್ಲ. ಗರ್ಭಿಣಿಯರಿಗೆ, ಲಿವರ್ ತೊಂದರೆ ಇದ್ದವರಿಗೆ ಕೂಡ ಕೊಡಬಾರದು. ಅಮ್ಮ ಕೇಳಲೂ ಇಲ್ಲ ಬಿಡಿ. ಮೊಮ್ಮಗ ಒಂದೊಂದೇ ತುಂಡು ಬಾಯಿಗೆ ಹಾಕುವುದನ್ನು ಸಾರು ಅನ್ನ ಕಲಸುತ್ತಾ ನೋಡುತ್ತಿದ್ದಳು. "ಹಸಿ ಮೀನ್ ತಿಂಬುದು, ದೇವರೇ" ಅಂದಳು. ಆದರೆ ತಡೆಯಲಿಲ್ಲ.

ಸೋಮವಾರ ಮಂಗಳೂರಿನಿಂದ ತಂಗಿ ಮಗಳ ಫೋನು. ವಿಡಿಯೋ ನೋಡಿ ಆಸೆಯಾಗಿದೆ, ಬಂದರಿನಿಂದ ಒಳ್ಳೆ ಅಂಜಲ್ ತಂದು ಸುಶಿ ಮಾಡಲಾ, ದೊಡ್ಡಮ್ಮ ಅಂತ ಕೇಳಿದಳು. ಬೇಡ ಅಂದೆ. ಅವಳ ದನಿ ಇಳಿಯಿತು, ನಮ್ಮೂರ ಮೀನು ಕೀಳಾ ಅಂತ ಕೇಳಿದಳು. ಶನಿವಾರ ನನಗೆ ಚುಚ್ಚಿದ್ದು ಅವಳಿಗೂ ಚುಚ್ಚಿತ್ತು. ಕೀಳಲ್ಲ ಮಗಳೇ ಅಂದೆ. ಆ ಅಂಜಲ್ ಒಲೆಗೆ ಅಂತ ಹಿಡಿದದ್ದು. ದೋಣಿಯಲ್ಲಿ ಎಷ್ಟು ದಿನ ಐಸಲ್ಲಿತ್ತು, ಹಲಗೆಯ ಮೇಲೆ ಯಾವ ನೀರು ಬಿತ್ತು, ಯಾವ ಕತ್ತಿಯಲ್ಲಿ ಕೊಯ್ದರು, ಇದನ್ನು ಯಾರೂ ಹಸಿ ತಿನ್ನುವವರಿಗಾಗಿ ಲೆಕ್ಕ ಇಟ್ಟಿಲ್ಲ. ಇಡಬೇಕಾಗಿಯೂ ಇರಲಿಲ್ಲ, ಎಲ್ಲರ ಮನೆಯಲ್ಲೂ ಸಾರು ಕುದಿಯುತ್ತದಲ್ಲ. ಹಸಿ ಬೇಕೇ ಬೇಕಾದರೆ ಅದಕ್ಕೆಂದೇ ಗಡ್ಡೆಗಟ್ಟಿಸಿ ತಂದದ್ದು ತಗೋ, ಯಾವ ಮೀನು, ಎಷ್ಟು ಡಿಗ್ರಿ, ಎಷ್ಟು ದಿನ ಅಂತ ಕೇಳಿ ತಗೋ, ಇಲ್ಲಾಂದ್ರೆ ಸೌತೆಕಾಯಿ, ಬೇಯಿಸಿದ ಸೀಗಡಿ ಹಾಕಿ ಸುಶಿ ಮಾಡು. ಕೆರೆ ಹೊಳೆಯ ಮೀನನ್ನಂತೂ ಹಸಿ ಮುಟ್ಟಲೇಬೇಡ ಅಂದೆ. ಅದರ ಹುಳಗಳು ಇನ್ನೂ ಕೆಟ್ಟವು, ಕೆಲವು ಲಿವರ್‌ಗೇ ಹೋಗಿ ಕೂರುತ್ತವೆ.

ಫೋನ್ ಇಟ್ಟ ಮೇಲೆ ಮತ್ತೆ ಅಂಗಡಿಯವರೇ ನೆನಪಾದರು. ದುಬಾರಿ ಸಾಬಾ ಅದು. ನಾನು ಹಸಿ ಅಂದ ಮೇಲೆ ಸುಮ್ಮನೆ ಕೊಟ್ಟು ದುಡ್ಡು ಎಣಿಸಬಹುದಿತ್ತು. ತಿರಸ್ಕಾರ ಅಂತ ನಾನು ಓದಿಕೊಂಡದ್ದು ಅವರು ನನ್ನ ಮಗನ ಹೊಟ್ಟೆಯ ಬಗ್ಗೆ ಪಟ್ಟ ಕಾಳಜಿ. ಪರದೇಶದಲ್ಲಿ ಆರು ವರ್ಷ ಇದ್ದರೆ ಕೆಲವು ಸಲ ಹೀಗೇ ಆಗುತ್ತದೆ, ಒಳ್ಳೆಯ ಮಾತೂ ಮೊದಲು ಗಾಯಕ್ಕೇ ತಾಗುತ್ತದೆ.

ನಿನ್ನೆ ಅಮ್ಮ ಮತ್ತೆ ಅಲ್ಲಿಗೇ ಹೊರಟಳು. ಅಂಗಡಿಯವರು ಬಾಯಿ ತೆರೆಯುವ ಮೊದಲೇ ಸಾಬಾ ತೋರಿಸಿ "ನಾಮಾ ಅಲ್ಲ" ಅಂದಳು. ಕೈಯಲ್ಲಿ ಸೌಟು ತಿರುಗಿಸುವ ಹಾಗೆ ಮಾಡಿ, ಕುದಿಯುವ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದಳು. ಈ ಸಲ ಮೀನು ಮುಟ್ಟಲಿಲ್ಲ. ಅವರು ನಕ್ಕರು. ಸಾಲಿನಲ್ಲಿದ್ದ ಒಂದನ್ನು ಎತ್ತಿ, ಅವಳ ಮುಂದೆ ಹಿಡಿದು, ತಮ್ಮ ಹೆಬ್ಬೆರಳಿನಿಂದಲೇ ಕಿವಿರು ಎತ್ತಿ ತೋರಿಸಿದರು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಆಯ್ತು, ಹಾಕಿ" ಅಂದಳು.